ನಿಂತ ವೈಪರ್

ಗಂಡ ತೀರಿಕೊಂಡಂದಿನಿಂದ ಶೆಡ್ಡಿನಲ್ಲೇ ನಿಂತಿದ್ದ ಹಳೆಯ ಅಮೆರಿಕನ್ ಕಾರನ್ನು ರಿಪೇರಿಗೆ ಕೊಡುವಾಗ ಲೀಲಾವತಿ ಹೇಳಿದ್ದು ಒಂದೇ ಮಾತು.

"ಮೊದಲು ವೈಪರ್ ನೋಡಿ. ನಮ್ಮ ಯಜಮಾನರನ್ನ ಕೊಂದದ್ದು ಅದೇ."

ಅಂದು ಘಾಟಿಯ ಮಳೆಯಲ್ಲಿ ವೈಪರ್ ನಿಂತು, ತಿರುವು ಕಾಣದೆ ಕಾರು ಕಂದಕಕ್ಕೆ ಉರುಳಿತ್ತು. ಪಕ್ಕದಲ್ಲಿ ಕೂತಿದ್ದ ಲೀಲಾವತಿ ಮಾತ್ರ ಉಳಿದರು. ದಾರಿಯುದ್ದಕ್ಕೂ ಮಾತಾಡದಿದ್ದ ಗಂಡ ಕೊನೆಗೊಮ್ಮೆ ತಿರುಗಿ ಅವರ ಮುಖ ನೋಡಿದ್ದು ಇನ್ನೂ ನೆನಪಿದೆ.

ಈಗ ಮೆಕ್ಯಾನಿಕ್ ಅಂತೋಣಿ ಲೀಲಾವತಿಯವರನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು, ತುಂತುರು ಮಳೆಯಲ್ಲಿ ಕಾರನ್ನು ಗ್ಯಾರೇಜಿನ ಹಿಂದಿನ ಏರುದಾರಿಗೆ ತಂದ.

"ವೈಪರ್‌ಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ ಅಮ್ಮ. ಪೈಪು, ಮೋಟಾರು ಎಲ್ಲಾ ಹಳೇವೇ, ಸರಿಯಾಗಿವೆ. ಈ ವೈಪರ್ ಕರೆಂಟಲ್ಲಿ ಆಡಲ್ಲ, ಎಂಜಿನ್ ಗಾಳಿ ಎಳೆಯೋ ಬಲದಲ್ಲಿ ಆಡೋದು. ನೋಡಿ."

ಅವನು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ. ವೈಪರ್ ಗಾಜಿನ ನಡುವೆ ನಿಂತಿತು. ಕಾಲು ಎತ್ತಿದ. ಮತ್ತೆ ಆಡಿತು.

"ಹೀಗೆ ಒತ್ತಿ ಹಿಡಿದಾಗ ಮಾತ್ರ ಎಳೆತ ಕಮ್ಮಿಯಾಗಿ ನಿಲ್ಲುತ್ತೆ. ಏರು ಹತ್ತೋವಾಗ ಈ ಕಾಟ ಇದ್ದದ್ದೇ. ಇಳಿಜಾರಲ್ಲಿ ಯಾರು ಒತ್ತುತಾರೆ? ಅಲ್ಲಿ ಜೋರಾಗೇ ಆಡುತ್ತೆ. ಪಾಪ, ಸಾಹೇಬ್ರು ಘಾಟಿ ಹತ್ತುತಾ ಇದ್ರು ಅನ್ಸುತ್ತೆ."

ಲೀಲಾವತಿ ಗಾಜಿನ ಮೇಲೆ ಆಡುತ್ತಿದ್ದ ವೈಪರನ್ನೇ ನೋಡುತ್ತಿದ್ದರು.

"ಇಳೀತಾ ಇದ್ವಿ," ಎಂದರು.