ಮೂಡಲ ಕೊಳದ ಮದ್ದು

ಬೆಳಿಗ್ಗೆ ಮತ್ತೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೂಡಲ ಕೊಳದಲ್ಲಿ ಎಷ್ಟೋ, ಪಡುವಲ ಕೊಳದಲ್ಲೂ ಅಷ್ಟೇ. ಮೀನು ಸತ್ತದ್ದಕ್ಕಿಂತ ಈ ‘ಅಷ್ಟೇ’ ಆಂಜನಪ್ಪನ ಹೊಟ್ಟೆ ಉರಿಸುತ್ತಿತ್ತು. ಯಾರೋ ಮೋಸ ಮಾಡುತ್ತಿದ್ದಾರೆ. ಯಾರೋ ಅನ್ನುವುದೇನು ಬಂತು, ಕೊಳದ ಹತ್ತಿರ ಇರುತ್ತಿದ್ದವನು ಒಬ್ಬನೇ.

ಎಂಬತ್ತಾರನೇ ಇಸವಿ. ಕುಣಿಗಲ್ ಹತ್ತಿರ ಆಂಜನಪ್ಪ ನೋಡಿಕೊಳ್ಳುತ್ತಿದ್ದ ಸರ್ಕಾರಿ ಕೊಳಗಳಿಗೆ ಹುಣ್ಣಿನ ರೋಗ ಬಡಿದಿತ್ತು. ಅರಿಸಿನ, ಬೇವು, ಬೆಳ್ಳುಳ್ಳಿ ಒಣಗಿಸಿ ಅವನೇ ಒಂದು ಪುಡಿ ಮಾಡಿದ್ದ. ಊರ್ಡಿಗೆರೆಯ ತನ್ನ ಮನೆಯ ತೊಟ್ಟಿಯಲ್ಲಿ ಅದನ್ನು ಮೇವಿಗೆ ಬೆರೆಸಿ ತಿನ್ನಿಸಿದಾಗ ಹುಣ್ಣು ಮಾಯ್ದಿತ್ತು. ಅಳತೆ ತಗ್ಗಿದರೆ ಮಾತ್ರ ಮತ್ತೆ ಕೆಂಪಾಗುತ್ತಿತ್ತು. ಅದಕ್ಕೇ ಅವನು ಕೊಳಕ್ಕೆ ಪುಡಿಯನ್ನು ತೂಗಿಯೇ ಕಳಿಸುತ್ತಿದ್ದ.

ತುಮಕೂರಿನ ಮೀನುಗಾರಿಕೆ ಇಲಾಖೆಯ ಸಾಹೇಬರು ಮೊದಲು ನಕ್ಕರು. “ಮಸಾಲೆ ಹಾಕೋದು ಮೀನು ಸತ್ತ ಮೇಲೆ ಕಣಯ್ಯಾ!” ಆಮೇಲೆ ಒಂದು ಪರೀಕ್ಷೆಗೆ ಒಪ್ಪಿದರು. ಒಂದೇ ಬದುವಿನ ಆಚೀಚೆ ಎರಡು ಕೊಳ. ಮೂಡಲದ್ದಕ್ಕೆ ತೌಡು, ಕಡಲೆಕಾಯಿ ಹಿಂಡಿಯ ಜೊತೆ ಪುಡಿ. ಪಡುವಲದ್ದಕ್ಕೆ ಬರೀ ತೌಡು, ಹಿಂಡಿ. ಮೂಡಲ ಕೊಳದ ಮೀನು ಉಳಿದರೆ ಪುಡಿ ಎಲ್ಲ ಕೊಳಗಳಿಗೂ ಹೋಗುತ್ತದೆ. ಉಳಿಯದಿದ್ದರೆ ಕೊಳಗಳನ್ನೆಲ್ಲ ಬರಿದು ಮಾಡಿ ಮೀನು ಸಾಕುವುದನ್ನೇ ನಿಲ್ಲಿಸುತ್ತಾರೆ.

ಮೇವು ಹಾಕಲು ಗುರುಸಿದ್ದಯ್ಯನನ್ನು ಇಟ್ಟುಕೊಂಡಿದ್ದರು. ಯಡಿಯೂರು ಕಡೆಯ ಮುದುಕ, ಹಣೆ ತುಂಬ ವಿಭೂತಿ. ಮಠವೊಂದರ ದಾಸೋಹದಲ್ಲಿ ಬಡಿಸಿ ಬಡಿಸಿಯೇ ಬೆನ್ನು ಬಾಗಿತ್ತು. “ಸಾಕೋಕೆ ನಾನಿದೀನಿ ಸ್ವಾಮಿ, ಹಿಡಿಯೋಕೆ ಮಾತ್ರ ಕರೀಬ್ಯಾಡಿ” ಎಂದು ಮೊದಲೇ ಹೇಳಿದ್ದ. ಯಾವ ಕೊಳಕ್ಕೆ ಏನು ಎಂದಷ್ಟೇ ಆಂಜನಪ್ಪ ಹೇಳಿದ. ಯಾಕೆ ಎಂದು ಮುದುಕ ಕೇಳಲಿಲ್ಲ, ಇವನೂ ಬಿಡಿಸಿ ಹೇಳಲಿಲ್ಲ.

ಈಗ ಅವನ ಮೇಲೇ ಅನುಮಾನ. ಪುಡಿ ಸಂತೆಗೆ ಹೋಗುತ್ತಿದೆಯೋ ಏನೋ. ಆಂಜನಪ್ಪ ತಡೆಯಲಾರದೆ ಕೇಳಿಯೇಬಿಟ್ಟ.

“ಅಯ್ನೋರೇ, ನಿಜ ಹೇಳಿ. ಪುಡಿ ದಿನಾ ಹಾಕ್ತಿದೀರಾ?”

ಮುದುಕ ಅಂಗೈ ಚಾಚಿದ. ಗೆರೆಗೆರೆಯಲ್ಲೂ ಅರಿಸಿನ ಕೂತಿತ್ತು.

“ಒಂದು ಚಿಟಿಕೆನೂ ಮನೆಗೆ ಒಯ್ದಿಲ್ಲ ಸ್ವಾಮಿ. ನೀವು ಕೊಟ್ಟಿದ್ದೆಲ್ಲ ಮೀನಿನ ಹೊಟ್ಟೆಗೇ ಹೋಗೈತೆ. ಸಿದ್ಲಿಂಗೇಶ್ವರನ ಆಣೆ.”

ಇಂಥವನನ್ನು ಕಳ್ಳ ಅಂದುಕೊಂಡೆನಲ್ಲ ಎಂದು ಆಂಜನಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ದುಃಖ ಒತ್ತರಿಸಿಕೊಂಡು ಬಂತು. ಮುದುಕ ಸುಳ್ಳು ಹೇಳುತ್ತಿಲ್ಲ ಎಂದಾದರೆ ಪುಡಿಯೇ ಸುಳ್ಳು. ಮನೆಯ ತೊಟ್ಟಿಯ ಮೀನುಗಳು ತಮ್ಮಷ್ಟಕ್ಕೆ ತಾವೇ ಗುಣವಾಗಿರಬೇಕು.

ಸಾಹೇಬರ ಜೀಪು ಬಂತು. ಅವರು ಮೂಗಿಗೆ ಕರ್ಚೀಫು ಹಿಡಿದು ಎರಡೂ ದಡ ನೋಡಿದರು. “ಮದ್ದು ತಿಂದವೂ ಸತ್ತವು, ತಿನ್ನದವೂ ಸತ್ತವು. ಇನ್ನು ಈ ಪುಡಿ ಮಾತು ನನ್ನ ಮುಂದೆ ಎತ್ತಬೇಡ. ನೀರು ಬಿಡಿಸು.”

ಆಂಜನಪ್ಪ ತಾನೇ ತೂಬು ಎತ್ತಿದ. ಊರಿಂದ ತಂದಿದ್ದ ಪುಡಿಯ ಚೀಲವನ್ನು ಹರಿಯುವ ನೀರಿಗೆ ಸುರಿದ. ಕೆಸರಲ್ಲಿ ಒದ್ದಾಡುತ್ತಿದ್ದ ಕಡೆಯ ಗೆಂಡೆ ಮೀನುಗಳನ್ನು ನೋಡಲಾಗದೆ ಬದುವಿನ ಮೇಲೆ ಮುಖ ತಿರುಗಿಸಿ ಕೂತ. ಗುರುಸಿದ್ದಯ್ಯ ಬಂದು ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದ.

“ಬುಡಿ ಸ್ವಾಮಿ, ನಿಮ್ದೇನು ತಪ್ಪಿಲ್ಲ. ಒಂದು ಕೊಳಕ್ಕೆ ಆಗೋವಷ್ಟೇ ಮದ್ದು ನಿಮ್ಮತ್ರ ಇದ್ದಿದ್ದು, ಪಾಪ. ಆದ್ರೆ ಒಂದೇ ಪಂಕ್ತೀಲಿ ಕೂತೋರಲ್ಲಿ ಒಬ್ರಿಗೆ ಬಡ್ಸಿ ಇನ್ನೊಬ್ರನ್ನ ಬುಡೋಕಾಯ್ತದಾ? ಮೊದಲ್ನೇ ದಿನದಿಂದ್ಲೂ ಎರಡಕ್ಕೂ ಅರ್ಧರ್ಧ ಮಾಡೇ ಬಡಿಸ್ದೆ.”