ನೀರು ಹಾಕದ ಮಾವ

"ಮಾವಾ, ಇವತ್ತೂ ನೀರು ಹಾಕ್ಲಿಲ್ಲ!" ಎಂದು ಪಾಯಿಖಾನೆಯೊಳಗಿಂದ ಶುರುವಾದ ಸೊಸೆ ತೃಪ್ತಿಯ ದನಿ ಅರ್ಧಕ್ಕೇ ನಿಂತಿತು. ಜಗಲಿಯಲ್ಲಿ ಬೀಡಿ ಹಚ್ಚುತ್ತಿದ್ದ ಶೀನಪ್ಪನಿಗೆ ವಿಚಿತ್ರವೆನಿಸಿತು. ಎಂದಿನ ಬೈಗುಳ ವಾಮದಪದವು ಪೇಟೆಗೇ ಕೇಳುವಂತಿರುತ್ತಿತ್ತು.

ಒಂದು ಲೋಟ ಉಚ್ಚೆ ಹೊಯ್ದದ್ದಕ್ಕೆ ಒಂದು ಬಕೆಟ್ ನೀರು ದಂಡ ಮಾಡುವುದೇ ಎಂಬುದು ಶೀನಪ್ಪನ ಹಠ. ಮದುವೆಯಾಗಿ ಬಂದಂದಿನಿಂದ ತೃಪ್ತಿ ಅವನ ಹಿಂದೆಯೇ ಹೋಗಿ, ಗೊಣಗುತ್ತಾ ನೀರು ಹಾಕುತ್ತಿದ್ದಳು.

ಅವಳು ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು. "ಮಾವ, ಕೆಂಪು ಉಂಟು. ರಕ್ತದ ಹಾಗೆ."

"ಎಂಥ ರಕ್ತ ಮಾರಾಯ್ತಿ! ನಿನ್ನೆ ಕುಡಿದ ಪುನರ್ಪುಳಿ ಶರಬತ್ತು."

"ನಾವೂ ಕುಡಿದಿದ್ದೇವಲ್ಲ? ನಮಗೆ ಯಾರಿಗೂ ಹಾಗೆ ಆಗ್ಲಿಲ್ಲ."

"ಹಾಗಾದ್ರೆ ಉಷ್ಣ. ಎರಡು ಬೊಂಡ ಕುಡಿದ್ರೆ ಸರಿಯಾಗ್ತದೆ. ನೋವಿಲ್ಲ, ಉರಿ ಇಲ್ಲ, ಎಂಥದಕ್ಕೆ ಹೆದರುವುದು?"

ಎಳನೀರು ಕುಡಿದ, ಮರುದಿನ ತಿಳಿಯಾಗಿಯೇ ಹೋಯಿತು. ಗೆದ್ದವನಂತೆ ಮೀಸೆ ತೀಡಿದ. ಆದರೆ ತೃಪ್ತಿಯದು ಉಡದ ಪಟ್ಟು. ರಿಕ್ಷಾ ತರಿಸಿ, ಮಾವನನ್ನು ಬಂಟ್ವಾಳದ ಡಾಕ್ಟರರ ಮುಂದೆ ಕೂರಿಸಿಯೇ ಬಿಟ್ಟಳು.

"ಉರಿ ಇದ್ದಿದ್ರೆ ನನಗೆ ಇಷ್ಟು ಹೆದರಿಕೆ ಆಗ್ತಿರ್ಲಿಲ್ಲ," ಎಂದರು ಡಾಕ್ಟರು. "ನೋವಿಲ್ಲದೆ ಬಂದು, ತಾನಾಗಿ ನಿಲ್ಲುವ ರಕ್ತ ಉಂಟಲ್ಲ, ಅದನ್ನು ಹಾಗೆ ಬಿಡ್ಲಿಕ್ಕೆ ಆಗುವುದಿಲ್ಲ."

ಮೂತ್ರ ಪರೀಕ್ಷೆ, ಸ್ಕ್ಯಾನ್, ಕೊನೆಗೆ ಮಂಗಳೂರಿನಲ್ಲಿ ಕ್ಯಾಮೆರಾ ಇರುವ ಸಣ್ಣ ನಳಿಗೆ. ಮೂತ್ರಕೋಶದ ಗೋಡೆಯಲ್ಲಿ ಕಡಲೆಕಾಳಿನಷ್ಟು ಗಡ್ಡೆ ಸಿಕ್ಕಿತು. ಕ್ಯಾನ್ಸರ್ ಎಂಬ ಶಬ್ದ ಕೇಳಿದ್ದೇ ಶೀನಪ್ಪ ಸೊಸೆಯ ಮುಖ ನೋಡಿದ. ಪುಣ್ಯಕ್ಕೆ ಬೇರು ಆಳಕ್ಕೆ ಇಳಿದಿರಲಿಲ್ಲ. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಲ್ಲೇ ಹೋಗಿ ಕೆರೆದು ತೆಗೆದರು.

"ಬೇಗ ಬಂದದ್ದು ಒಳ್ಳೇದಾಯ್ತು. ಇನ್ನು ಬೀಡಿ ಬಿಡಿ. ಹೇಳಿದ ದಿನ ಬಂದು ತೋರಿಸಿ. ಮತ್ತೆ ಕೆಂಪು ಕಂಡ್ರೆ ಅವತ್ತೇ ಬನ್ನಿ," ಎಂದು ಕಳಿಸಿದರು.

ದಾರಿಯುದ್ದಕ್ಕೂ ಶೀನಪ್ಪನ ಕಣ್ಣು ಒದ್ದೆ. ತಾನು ನೀರು ಹಾಕುವವನಾಗಿದ್ದರೆ? ಅವಳು ಗೊಣಗುತ್ತಾ ಹಿಂದೆ ಬಾರದಿದ್ದರೆ? ಪಕ್ಕದಲ್ಲಿ ತೂಕಡಿಸುತ್ತಿದ್ದ ಸೊಸೆಗೆ ಕೈಮುಗಿಯಬೇಕೆನಿಸಿತು. ಆದರೆ ಮಾವನಾದವನು ಸೊಸೆಗೆ ಕೈಮುಗಿಯುವುದು ಹೇಗೆ? ಅವಳ ಒಂದು ಮಾತನ್ನಾದರೂ ನಡೆಸೋಣ ಎಂದುಕೊಂಡ.

ಮರುದಿನ ಬೆಳಿಗ್ಗೆ ಪಾಯಿಖಾನೆಯಲ್ಲಿ, ಜೀವಮಾನದಲ್ಲೇ ಮೊದಲ ಸಲ, ತಾನಾಗಿ ಬಕೆಟಿಗೆ ನಲ್ಲಿ ತಿರುಗಿಸಿದ. ನೀರು ಬೀಳುವ ಸದ್ದಿಗೆ ಹೊರಗಿನಿಂದ ತೃಪ್ತಿ ಬಾಗಿಲು ದಬದಬ ಬಡಿದಳು.

"ಮಾವಾ, ನೀರು ಹಾಕ್ಬೇಡಿ! ಮೊದ್ಲು ನಾನು ನೋಡ್ಬೇಕು!"