ಚೊಂಬಿನ ನೀರು

ಪಿಎಚ್‌ಡಿ ಮಾಡುತ್ತಿದ್ದವನು ಎರಡು ವರ್ಷ ತಪ್ಪದೆ ಆ ಕೇರಿಗೆ ಬಂದ. ತಿಂಗಳಿಗೊಮ್ಮೆ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಕೊಂಡ, ಮಕ್ಕಳ ಕಂದುಗಟ್ಟಿದ ಹಲ್ಲುಗಳ ಫೋಟೊ ತೆಗೆದ, ಮುದುಕರ ಬಾಗಿದ ಮಂಡಿ ಅಳೆದ. ಸಂಜೆ ಮಕ್ಕಳಿಗೆ ಪುಕ್ಕಟೆ ಪಾಠ ಹೇಳಿದ. "ನನ್ನ ಸಂಶೋಧನೆ ಮುಗಿಯೋವರೆಗೂ ಬೇರೆ ನೀರು ಕುಡೀಬೇಡಿ" ಎಂದಿದ್ದ, ಯಾರೂ ಕುಡಿಯಲಿಲ್ಲ. ಅವನ ಸಮಾಜಸೇವೆಗೆ ಮೆಚ್ಚಿ ವಿಶ್ವವಿದ್ಯಾಲಯ ಕೊರಳಿಗೆ ಪದಕವನ್ನೂ ಹಾಕಿತು.

ಕೊನೆಯ ದಿನವೂ ಅಜ್ಜಿಯೊಬ್ಬಳು ಹುಣಸೆಹಣ್ಣು ಹಾಕಿ ಬೆಳಗಿದ ಚೊಂಬಿನಲ್ಲಿ ನೀರು ತಂದಳು.

ಅವನು ಎಂದಿನಂತೆ ಕೈ ಮುಗಿದ. "ಬೇಡಜ್ಜಿ, ಬಾಯಾರಿಕೆ ಇಲ್ಲ."

ಅಜ್ಜಿ ಚೊಂಬನ್ನು ನೆಲಕ್ಕೆ ಕುಕ್ಕಿದಳು.

"ಎರಡು ವರ್ಸ ಆಯ್ತು, ನಮ್ಮನೆ ನೀರು ಒಂದು ಗುಟುಕೂ ಕುಡೀಲಿಲ್ಲ ನೀನು. ಓದಿದೋನು ಅಂತ ಚಾಪೆ ಹಾಕಿ ಕೂರಿಸಿದ್ವಿ. ನಿಂಗೂ ಜಾತಿ ಅಡ್ಡ ಬತ್ತದಾ? ನಿನ್ನ ನೋಡಿದ್ರೆ ಹೇಸಿಗೆ ಆಯ್ತದೆ."

ಅವನ ಮುಖ ಕೆಂಪಾಯಿತು. ಇಂಥ ಮಾತನ್ನು ಅವನು ಹೇಗೆ ಸಹಿಸಿಯಾನು.

"ನಮ್ಮಮ್ಮನಾಣೆ ಅಜ್ಜಿ, ನನಗೆ ಜಾತಿಗೀತಿ ಏನಿಲ್ಲ. ಈ ನೀರಲ್ಲಿ ವಿಷ ಇದೆ ಅಂತ ಮೊದಲನೇ ತಿಂಗಳೇ ಗೊತ್ತಾಗಿತ್ತು."